ದೋಣಿ ಚಿತ್ರದ ಪುಸ್ತಕ

ಕಾಪುವಿನ ದೀಪಸ್ತಂಭದ ತೆಂಕಣ ಬದಿಯ ಕೇರಿಯಲ್ಲಿ ಮೀನು ಮಾರುವ ಹೆಂಗಸರು ಮೂವತ್ತಕ್ಕೂ ಹೆಚ್ಚು ಮಂದಿ ಇದ್ದರು. ಅವರಲ್ಲಿ ಕಾರ್ಕಳದವರೆಗೆ ಬುಟ್ಟಿ ಒಯ್ಯುತ್ತಿದ್ದವಳು ವಾರಿಜಾ ಒಬ್ಬಳೇ. ಉಳಿದವರು ಶಿರ್ವಕ್ಕೆ ಹೋಗಿ ಬರುವರು, ಹೆಚ್ಚೆಂದರೆ ಬೆಳ್ಮಣ್ಣಿಗೆ. ‘ಅಷ್ಟು ದೂರ ಎಂತಕ್ಕೆ ಮಾರಾಯ್ತಿ?’ ಎಂದು ಯಾರಾದರೂ ಕೇಳಿದರೆ, ‘ಕಡಲು ಕಾಣದ ಊರಿನವರು ಮೀನಿನ ಕ್ರಯಕ್ಕೆ ಚರ್ಚೆ ಮಾಡುವುದು ಕಡಿಮೆ’ ಎನ್ನುವಳು.

ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ತಾಯಿಯ ಬುಟ್ಟಿ ಮಗಳ ತಲೆಗೆ ಬಂತು, ಆರು ತಿಂಗಳ ತಂಗಿ ಗುಣವತಿ ಸೊಂಟಕ್ಕೆ ಬಂದಳು. ಮನೆಯಲ್ಲಿ ಅಜ್ಜಿಯೊಬ್ಬಳು ಇದ್ದುದರಿಂದ ಹೇಗೋ ದಿನ ಸಾಗಿತು. ಮುಂದೆ ವಾರಿಜಾಳಿಗೆ ಮದುವೆಯೂ ಆಯಿತು. ಗಂಡ ದೂಮಪ್ಪ ಮೂರನೇ ವರ್ಷ ದೋಣಿಯ ಕೆಲಸಕ್ಕೆಂದು ಮಲ್ಪೆಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ವಾರಿಜಾ ಅದಕ್ಕೆ ಅತ್ತದ್ದನ್ನು ಕಂಡವರಿಲ್ಲ. ‘ಹೋಗಲಿ, ಬೇಯಿಸುವ ಅಕ್ಕಿ ಒಂದು ಸೇರು ಕಡಿಮೆಯಾಯ್ತು’ ಎಂದಳಂತೆ.

ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗುಣವತಿಯನ್ನು ಮಾತ್ರ ಹಟ ಹಿಡಿದು ಒಂಬತ್ತನೇ ಕ್ಲಾಸಿನವರೆಗೆ ಓದಿಸಿದಳು. ತಂಗಿಯ ಕೈಗೆ ಮೀನಿನ ವಾಸನೆ ಹತ್ತಬಾರದು ಎಂಬುದೊಂದೇ ಅವಳ ಆಸೆ. ಆ ತಂಗಿಗೆ ಹದಿನೆಂಟಾದಾಗ, 1970ರ ಮಳೆಗಾಲ ಕಳೆದ ಮೇಲೆ, ಊರಿನ ಯುವಕ ಮಂಡಲದ ಕಪಾಟಿನಿಂದ ಒಂದು ಕಾದಂಬರಿ ಮನೆಗೆ ಬಂತು. ಅದರ ಹೆಸರು ‘ಕಡವಿನಾಚೆ’.

ಹೆಸರು ವಾರಿಜಾಳ ಬಾಯಲ್ಲಿ ನಿಂತಿತು, ಬರೆದರೆ ಅದು ಹೇಗೆ ಕಾಣುತ್ತದೆಂದು ತಿಳಿಯದು. ಅವಳ ಪಾಲಿಗೆ ಪುಸ್ತಕವೆಂದರೆ ಅದರ ಮೇಲಿನ ಚಿತ್ರ. ಕಡುನೀಲಿ ಹೊಳೆ, ನಡುವೆ ಒಂದು ಸಣ್ಣ ದೋಣಿ. ದೋಣಿಯಲ್ಲಿ ನಮಗೆ ಬೆನ್ನು ಹಾಕಿ ಕುಳಿತ ಹೆಂಗಸು. ಕೆಂಪು ಸೀರೆ. ಸ್ವಲ್ಪ ಜಾರಿದ ತುರುಬು. ಹುಟ್ಟು ಹಿಡಿದ ಬಲಗೈಯ ಮೊಣಕೈ ಹೊರಕ್ಕೆ ಬಾಗಿತ್ತು.

‘ಇವಳಿಗೆ ದೋಣಿ ನಡೆಸಲಿಕ್ಕೆ ಬರುತ್ತದೆ. ಚಿತ್ರ ಬರೆದವನು ಕಣ್ಣಾರೆ ನೋಡಿಯೇ ಬರೆದಿದ್ದಾನೆ’ ಎಂದು ಅವಳು ಮೊದಲ ದಿನವೇ ಮೆಚ್ಚಿಕೊಂಡಳು.

ದಿನವೂ ಸಂಜೆ ವಾರಿಜಾ ಬುಟ್ಟಿ ತೊಳೆದು ಕವುಚಿ ಹಾಕಿ, ಮಿಂದು ಬಂದು ಜಗಲಿಯಲ್ಲಿ ಕಾಲು ಚಾಚಿ ಕುಳಿತರೆ ಗುಣವತಿ ಪುಸ್ತಕ ತೆರೆಯುವಳು. ಮೊದಮೊದಲು ಕನ್ನಡದಲ್ಲಿ ಒಂದೊಂದು ಸಾಲು ಓದಿ ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ನಾಲ್ಕು ದಿನ ಕಳೆಯುವಷ್ಟರಲ್ಲಿ ಕನ್ನಡ ಬಿಟ್ಟೇಹೋಯಿತು. ಕಣ್ಣು ಪುಟದ ಮೇಲಿರುತ್ತಿತ್ತು, ಬಾಯಿಂದ ತುಳು ಬರುತ್ತಿತ್ತು. ಸುಂದರಿ ಎಂಬ ಹುಡುಗಿಯನ್ನು ಹೊಳೆಯಾಚೆಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಅಲ್ಲಿ ಅವಳಿಗೆ ಸುಖವಿಲ್ಲ. ಈಚೆ ದಡದಲ್ಲಿ ಅವಳಿಗೊಬ್ಬಳು ಅಕ್ಕ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು. ಪ್ರತಿ ಸಂಕ್ರಾಂತಿಗೆ ತಾನೇ ದೋಣಿ ನಡೆಸಿಕೊಂಡು ಹೊಳೆಯ ನಡುವಿನ ತನಕ ಬಂದು ‘ಕೂ’ ಎಂದು ಕೂಗುತ್ತಾಳೆ. ಆಚೆ ದಡದಲ್ಲಿ ದೋಣಿ ನಿಲ್ಲುವ ಕಡವಿನಲ್ಲಿ ನೀರಿಗೆ ಬಂದ ಸುಂದರಿ ಕೊಡದ ಹೊಟ್ಟೆಗೆ ಕೈಯಿಂದ ಬಡಿದು ‘ಇದ್ದೇನೆ’ ಎಂದು ತಿಳಿಸುತ್ತಾಳೆ.

‘ಕಡವಿಗೇ ಬಂದು ಕರೆದುಕೊಂಡು ಹೋಗಬಾರದಾ ಅವಳು?’ ವಾರಿಜಾ ಕೇಳುವಳು.

‘ಗಂಡನ ಮನೆಯವರು ಬಿಡಬೇಕಲ್ಲ ಅಕ್ಕ.’

‘ನಾನಾದರೆ ಹುಟ್ಟಿನಲ್ಲೇ ಬಾರಿಸುತ್ತಿದ್ದೆ.’

ಗುಣವತಿ ನಕ್ಕು ಪುಟ ತಿರುಗಿಸುವಳು.

ಮಕರ ತಿಂಗಳಲ್ಲಿ ಬೊಂಬಾಯಿಯ ಸಂಬಂಧ ಬಂತು. ಹುಡುಗ ಹೂವಪ್ಪನಿಗೆ ಅಲ್ಲಿನ ಬಂದರಿನಲ್ಲಿ ಕೆಲಸ, ಇಪ್ಪತ್ತೇ ದಿನದ ರಜೆ. ಒಳ್ಳೆಯ ಮನೆತನ. ಬೇಡವೆನ್ನಲು ವಾರಿಜಾಳಿಗೆ ಕಾರಣ ಸಿಗಲಿಲ್ಲ. ಸಿಕ್ಕಿದ್ದ ಒಂದೇ ಕಾರಣವನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮದುವೆಗೆ ಎರಡು ದಿನವಿರುವಾಗ ಗುಣವತಿ ಪುಸ್ತಕವನ್ನು ಯುವಕ ಮಂಡಲಕ್ಕೆ ಹಿಂದಿರುಗಿಸಿ ಬಂದಳು. ಕೊನೆಯ ಐದಾರು ಅಧ್ಯಾಯ ಬಾಕಿ ಇದ್ದವು. ಸುಂದರಿಯ ಅಕ್ಕ ಈಚೆಯಿಂದ ದೋಣಿ ಬಿಟ್ಟಿದ್ದಳು, ಈ ಸಲ ನಡುಹೊಳೆಯಲ್ಲಿ ನಿಲ್ಲುವುದಿಲ್ಲವೆಂದು ಹಟ ತೊಟ್ಟಿದ್ದಳು. ಕಥೆ ಅಲ್ಲಿಗೆ ನಿಂತಿತು.

‘ಮುಂದಿನ ಸಲ ಬಂದಾಗ ಮುಗಿಸುವ ಅಕ್ಕ’ ಎಂದಳು ತಂಗಿ.

ಮುಂದಿನ ಸಲ ಅವಳು ಬಂದದ್ದು ಎರಡು ವರ್ಷದ ಮೇಲೆ, ಅಜ್ಜಿ ತೀರಿಕೊಂಡಾಗ, ಅವಳ ಬೊಜ್ಜಕ್ಕೆ. ಮನೆ ತುಂಬ ನೆಂಟರು. ಯುವಕ ಮಂಡಲದ ಕಪಾಟಿಗೆ ಆಗಲೇ ಗೆದ್ದಲು ಹಿಡಿದು ಪುಸ್ತಕಗಳನ್ನೆಲ್ಲ ಸುಟ್ಟಿದ್ದರು. ಆಮೇಲೆ ಗುಣವತಿಯ ಅತ್ತೆ ಹಾಸಿಗೆ ಹಿಡಿದಳು, ಮಕ್ಕಳಾದವು, ಅವುಗಳ ಶಾಲೆ. ಹತ್ತು ವರ್ಷ ಅವಳು ಊರಿಗೆ ಬರಲಿಲ್ಲ. ಕಾಗದ ಬಂದರೆ ವಾರಿಜಾ ಪೋಸ್ಟಿನವನಿಂದ ಓದಿಸಿಕೊಳ್ಳುವಳು. ಅವನ ಬಾಯಲ್ಲಿ ತಂಗಿಯ ಕಾಗದವೂ ಕೋರ್ಟಿನ ನೋಟೀಸಿನ ಹಾಗೆ ಕೇಳಿಸುತ್ತಿತ್ತು.

ಕಾರ್ಕಳದ ಅತ್ತೂರು ದಾರಿಯಲ್ಲಿ ಜೆರ್ಟ್ರೂಡ್ ಬಾಯಮ್ಮನ ಮನೆ. ಅವರು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಬೇಕರಿ ನಡೆಸುವ ತಮ್ಮ ಆಲ್ಫೋನ್ಸ್ ಅವರ ಜೊತೆಗಿದ್ದ. ಕ್ರೈಸ್ತರ ವಾಡಿಕೆಯಂತೆ ಶುಕ್ರವಾರ ಆ ಮನೆಯಲ್ಲಿ ಮಾಂಸವಿಲ್ಲ, ಹಾಗಾಗಿ ಮೀನು ಆಗಲೇಬೇಕು. 1974ರ ಒಂದು ಶುಕ್ರವಾರ ಕಾಣೆ ಮೀನು ತೆಗೆದಿಡುತ್ತ ವಾರಿಜಾ ಜಗಲಿಯ ಕುರ್ಚಿಯಲ್ಲಿದ್ದ ಪುಸ್ತಕ ನೋಡಿ ಕೇಳಿದಳು:

‘ಬಾಯಮ್ಮ, ನಿಮ್ಮಲ್ಲಿ ದೋಣಿ ಚಿತ್ರದ ಪುಸ್ತಕ ಉಂಟಾ?’

‘ದೋಣಿ ಚಿತ್ರದ್ದು ಅಂದರೆ? ಹೆಸರಿಲ್ವಾ ಅದಕ್ಕೆ?’

‘ಕಡವಿನಾಚೆ.’

ಬಾಯಮ್ಮ ಒಳಗೆ ಹೋಗಿ ಒಂದು ಪುಸ್ತಕ ತಂದು ಅವಳ ಕಣ್ಣೆದುರು ಹಿಡಿದರು. ಹಳದಿ ಬಣ್ಣದ ಹೊದಿಕೆ. ಅದರ ತುಂಬ ಒಬ್ಬ ಹೆಣ್ಣಿನ ಮುಖ. ಬಟ್ಟಲಿನಂಥ ಕಣ್ಣು, ಕೆನ್ನೆಯ ಮೇಲೆ ನೀರು, ಅಳಿಸಿದ ಕುಂಕುಮ. ಹಿಂದೆ ದೊಡ್ಡ ಕಾಲರಿನ ಅಂಗಿ ತೊಟ್ಟು ಕೆನ್ನೆಗೂದಲು ಬಿಟ್ಟ ಗಂಡಸೊಬ್ಬ ಸಿಗರೇಟು ಸೇದುತ್ತಿದ್ದ. ಮೇಲೆ ಸಿನಿಮಾ ಪೋಸ್ಟರಿನ ಹಾಗೆ ಕುಣಿಯುವ ಕೆಂಪು ಅಕ್ಷರಗಳು.

‘ಇದಲ್ಲ’ ಎಂದಳು ವಾರಿಜಾ.

‘ಇದೇ. ಹೆಸರು ನೋಡು.’

‘ಹೆಸರು ನೋಡಲಿಕ್ಕೆ ಬರುವುದಿದ್ದರೆ ನಿಮ್ಮನ್ನು ಯಾಕೆ ಕೇಳುತ್ತೇನೆ? ನಮ್ಮ ಕೇರಿಯಲ್ಲಿ ಗುಣವತಿ ಅಂತ ನಾಲ್ಕು ಮಂದಿ ಇದ್ದಾರೆ. ಹೆಸರು ಒಂದೇ ಅಂತ ನಾಲ್ವರೂ ನನ್ನ ತಂಗಿ ಆಗ್ತಾರಾ?’

ಬಾಯಮ್ಮನಿಗೆ ನಗು ಬಂತು. ‘ಇದು ಎರಡನೇ ಸಲ ಅಚ್ಚು ಹಾಕಿದ್ದು ಮಾರಾಯ್ತಿ. ಮೊದಲನೇ ಸಲದ್ದಕ್ಕೆ ನೀನು ಹೇಳಿದ ದೋಣಿ ಇದ್ದಿರಬಹುದು. ಒಳಗಿನ ಕಥೆ ಅದೇ.’

‘ಅಗ್ಗದ ಬೂತಾಯಿಯ ರಾಶಿಯ ಮೇಲೆ ನಾಲ್ಕು ಬಂಗುಡೆ ಇಟ್ಟು ಮಾರುವವರು ಉಂಟು ಬಾಯಮ್ಮ. ಮೇಲಿನದ್ದೇ ಬೇರೆ ಆದ ಮೇಲೆ ಒಳಗಿನದ್ದನ್ನು ಹೇಗೆ ನಂಬುವುದು? ಈ ಸಿಗರೇಟಿನವನು ನಮ್ಮ ಕಥೆಯಲ್ಲಿ ಇರಲೇ ಇಲ್ಲ.’

‘ಸುಂದರಿಯ ಗಂಡ ಇರಬೇಕು.’

ಸುಂದರಿಯ ಹೆಸರು ಕೇಳಿ ವಾರಿಜಾಳ ಕೈ ಒಂದು ಗಳಿಗೆ ಬುಟ್ಟಿಯಲ್ಲೇ ನಿಂತಿತು. ಬಾಯಮ್ಮ ಮೊದಲ ಪುಟ ತೆಗೆದು ಓದಲು ಶುರು ಮಾಡಿದರು. ಸ್ವಚ್ಛವಾದ, ಪಾಠ ಹೇಳುವ ಧ್ವನಿ. ನಾಲ್ಕು ಸಾಲು ಕೇಳುವಷ್ಟರಲ್ಲಿ ವಾರಿಜಾ ಸಿಂಬಿ ಸುತ್ತಿ ಎದ್ದುಬಿಟ್ಟಳು. ‘ಇನ್ನೂ ಆರು ಮನೆ ಉಂಟು ಬಾಯಮ್ಮ, ಮೀನು ಹಾಳಾಗುತ್ತದೆ’ ಎಂದಳು. ಬಸ್ಸಿನಲ್ಲಿ ಕಾಪುವಿನವರೆಗೂ ಆ ಹಳದಿ ಮುಖ ಅವಳನ್ನು ಬಿಡಲಿಲ್ಲ. ಅಳುವವಳ ಮುಖ ತೋರಿಸಿದ್ದಾರೆ, ದೋಣಿ ನಡೆಸುವವಳನ್ನು ಎಲ್ಲಿ ಬಿಟ್ಟರು?

ಐದು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಯಂತ್ರದ ಬೋಟುಗಳು ಬಂದು ಕಾಪುವಿನ ಕಡಲ ದಡದಲ್ಲಿ ಬಲೆ ಎಳೆಯುವವರ ಹಾಡು ನಿಂತಿತ್ತು. ವಾರಿಜಾ ಬೆಳಗಿನ ಜಾವ ಮಲ್ಪೆಗೆ ಹೋಗಿ ಮೀನು ತರಬೇಕಾಗಿತ್ತು. ಹಾಗೆ ಹೋಗಿ ಬರುವಾಗ ಒಮ್ಮೆ ಉಡುಪಿಯ ಬಸ್ ನಿಲ್ದಾಣದ ಹತ್ತಿರ ಪುಸ್ತಕದ ಅಂಗಡಿಯೊಂದು ಕಂಡಿತು. ಬುಟ್ಟಿಯನ್ನು ಹೊರಗಿಟ್ಟು, ಸೆರಗಿಗೆ ಕೈ ಒರೆಸಿ, ಮೆಟ್ಟಿಲಲ್ಲೇ ನಿಂತು ಕೇಳಿದಳು. ಅಂಗಡಿಯವನು ಕನ್ನಡಕ ಸರಿಮಾಡಿಕೊಂಡು ಬಿಳಿಯ ಪುಸ್ತಕವೊಂದನ್ನು ತಂದ.

‘ಹೋದ ತಿಂಗಳು ಬಂದದ್ದು. ಮೂರನೇ ಮುದ್ರಣ.’

ಇಡೀ ಹೊದಿಕೆಯಲ್ಲಿ ಇದ್ದದ್ದು ಓರೆಯಾಗಿ ಬರೆದ ಕಪ್ಪು ಹುಟ್ಟು ಒಂದೇ. ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರ.

‘ಹುಟ್ಟು ಉಂಟು. ದೋಣಿ ಎಲ್ಲಿ? ಹೆಂಗಸೆಲ್ಲಿ?’

‘ಈಗ ಹೀಗೇ ಅಮ್ಮ. ಉಳಿದದ್ದನ್ನು ನಾವು ಮನಸ್ಸಿನಲ್ಲಿ ತಂದುಕೊಳ್ಳಬೇಕು.’

ಕೈಯಿಲ್ಲದ ಹುಟ್ಟನ್ನು ವಾರಿಜಾ ಕಡಲ ದಡದಲ್ಲಿ ಎರಡು ಮೂರು ಸಲ ಕಂಡಿದ್ದಳು, ಅಲೆ ತಂದು ಎಸೆದದ್ದು. ಅಂಥ ದಿನ ಕೇರಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಆದರೂ ಆ ಪುಸ್ತಕವನ್ನು ಅಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಕೊಂಡು, ಬುಟ್ಟಿಗೆ ತಾಗದಂತೆ ರವಿಕೆಯ ಕಣದಲ್ಲಿ ಸುತ್ತಿ ತಂದಳು.

ಶುಕ್ರವಾರ ಅದನ್ನು ಬಾಯಮ್ಮನ ಜಗಲಿಯಲ್ಲಿಟ್ಟು, ‘ನಿಮ್ಮ ಹಳದಿಯದ್ದನ್ನೂ ತನ್ನಿ’ ಎಂದಳು. ‘ಎರಡರ ಹೆಸರೂ ಒಂದೇ ಅಂತ ನೀವು ಹೇಳುವುದು ಬೇಡ. ನನ್ನ ಕಣ್ಣಿಗೆ ಕಾಣಬೇಕು.’

ಬಾಯಮ್ಮ ಅವಳ ಮುಖವನ್ನೊಮ್ಮೆ ನೋಡಿದರು. ಸೀಮೆಸುಣ್ಣ ತಂದು ಜಗಲಿಯ ಕೆಂಪು ನೆಲದ ಮೇಲೆ ದೊಡ್ಡದಾಗಿ ಬರೆದರು: ಕ, ಡ, ವಿ, ನಾ, ಚೆ. ಐದೇ ಅಕ್ಷರ. ಸಿನಿಮಾದವರ ಹಾಗೆ ಕುಣಿಯುವ ಕೆಂಪು ‘ಕ’ವೂ ಇರುವೆಯಂಥ ಕಪ್ಪು ‘ಕ’ವೂ ಒಂದೇ ಎಂದು ಒಪ್ಪಿಕೊಳ್ಳಲು ವಾರಿಜಾಳಿಗೆ ಮೂರು ಶುಕ್ರವಾರ ಬೇಕಾಯಿತು. ಒಪ್ಪಿದ ದಿನ ಎರಡು ಪುಸ್ತಕಗಳ ಮೇಲೂ ಬೆರಳಿಟ್ಟು ಐದೂ ಅಕ್ಷರ ಹೇಳಿ, ‘ಹೆಸರು ಒಂದೇ ಬಾಯಮ್ಮ. ಇನ್ನು ಒಳಗೆ ನೋಡಬೇಕು’ ಎಂದಳು. ಆಗ ಅವಳಿಗೆ ಮೂವತ್ತೊಂಬತ್ತು ವರ್ಷ.

ಹಾಗೆ ಶುರುವಾದ ಪಾಠ ಎರಡು ವರ್ಷ ನಡೆಯಿತು. ಮೀನು ತೂಗಿ ಕೊಟ್ಟ ಮೇಲೆ ಅರ್ಧ ಗಂಟೆ. ‘ನೀನು ಕಲಿತು ಮುಗಿಯುವಾಗ ನನ್ನ ಊಟದ ಹೊತ್ತು ದಾಟುತ್ತದೆ’ ಎಂದು ಆಲ್ಫೋನ್ಸ್ ಒಳಗಿನಿಂದ ಕೂಗುವನು. ಒತ್ತಕ್ಷರ ಬಂದಾಗ ವಾರಿಜಾ ಸೋತು ಕಾಪುವಿನಲ್ಲೇ ಉಳಿದಳು. ಮೂರು ವಾರ ಕಾರ್ಕಳದ ಬಸ್ಸು ಹತ್ತಲಿಲ್ಲ. ನಾಲ್ಕನೇ ವಾರ ತಾನಾಗಿ ಬಂದು ಕುಳಿತಳು.

1981ರ ಆಟಿ ತಿಂಗಳು, ಮಳೆಗಾಲದ ನಡು. ಕಡಲು ಕೆಂಪಾಗಿ ಬೋಟುಗಳೆಲ್ಲ ದಡದಲ್ಲಿದ್ದವು. ಮಾರಲು ಒಣಮೀನು ಬಿಟ್ಟರೆ ಬೇರಿಲ್ಲ. ಹಗಲೆಲ್ಲ ವಾರಿಜಾ ಕಿಟಕಿಯ ಬದಿಯಲ್ಲಿ ಕುಳಿತು ಬಿಳಿಯ ಪುಸ್ತಕದ ಮೇಲೆ ಬೆರಳು ನಡೆಸಿದಳು. ದಿನಕ್ಕೆ ಒಂದು ಪುಟ, ಒಂದೂವರೆ ಪುಟ. ಸುಂದರಿ ಸಿಕ್ಕಿದಳು. ಹೊಳೆ, ಕಡವು, ಗಂಡನ ಮನೆಯ ಕತ್ತಲೆ ಕೋಣೆ ಎಲ್ಲವೂ ಸಿಕ್ಕಿತು. ಆದರೆ ಅಕ್ಕ ಸಿಗಲಿಲ್ಲ. ಮುಂದಿನ ಅಧ್ಯಾಯಕ್ಕೆ ಬಂದಾಳು ಎಂದು ಕಾದಳು. ಸಂಕ್ರಾಂತಿ ಬಂದು ಹೋಯಿತು, ಯಾರೂ ‘ಕೂ’ ಎನ್ನಲಿಲ್ಲ. ಕೊನೆಯ ಪುಟದಲ್ಲಿ ಸುಂದರಿ ಒಬ್ಬಳೇ ಕಡವಿಗೆ ಇಳಿದು ಬರುತ್ತಾಳೆ. ‘ಬೇರೆ ಯಾರಾದರೂ ಬರುವುದಿದೆಯೇ?’ ಎಂದು ಅಂಬಿಗ ಕೇಳುತ್ತಾನೆ. ‘ಇಲ್ಲ’ ಎಂದು ಅವಳು ದೋಣಿ ಹತ್ತುತ್ತಾಳೆ. ಅಷ್ಟೇ.

ಮರುದಿನ ವಾರಿಜಾ ಬುಟ್ಟಿಯಿಲ್ಲದೆ, ಒಂದು ಕೊಡೆ ಹಿಡಿದು ಕಾರ್ಕಳಕ್ಕೆ ಬಂದಳು.

‘ನಾನು ಆಗಲೇ ಹೇಳಿದ್ದೆ ಬಾಯಮ್ಮ! ಹೊದಿಕೆ ಬದಲಿಸಿದವರು ಒಳಗಿನದ್ದನ್ನೂ ಬದಲಿಸಿದ್ದಾರೆ. ಅಕ್ಕನನ್ನೇ ತೆಗೆದುಹಾಕಿದ್ದಾರೆ.’

ಬಾಯಮ್ಮ ಹಳದಿಯದ್ದನ್ನು ತಂದು ತಿರುವಿ ನೋಡಿದರು. ಅದರಲ್ಲೂ ಅಕ್ಕನಿರಲಿಲ್ಲ. ‘ಹಾಗಾದರೆ ದೋಣಿಯದ್ದೇ ಬೇಕು’ ಎಂದು ವಾರಿಜಾ ಹಟ ಹಿಡಿದಳು. ಮಣಿಪಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಬಾಯಮ್ಮನ ಹಳೆಯ ವಿದ್ಯಾರ್ಥಿನಿ ಸೋಫಿಯಾ ಕೆಲಸಕ್ಕಿದ್ದಳು. ಅವಳಿಗೆ ಕಾಗದ ಬರೆದರು. ‘ಮೊದಲ ಮುದ್ರಣದ ಪ್ರತಿ ಉಂಟು, ಬನ್ನಿ ಟೀಚರ್’ ಎಂದು ಉತ್ತರ ಬಂತು.

ಮಳೆ ಸ್ವಲ್ಪ ಬಿಟ್ಟ ಒಂದು ದಿನ ಇಬ್ಬರೂ ಹಿರಿಯಡ್ಕದ ದಾರಿಯಾಗಿ ಮಣಿಪಾಲಕ್ಕೆ ಹೋದರು. ವಾರಿಜಾ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟಿದ್ದಳು. ಆ ನೀಲಿಯನ್ನು, ಆ ಕೆಂಪು ಸೀರೆಯನ್ನು ಇನ್ನೊಮ್ಮೆ ನೋಡುತ್ತೇನೆಂದು ಬಸ್ಸಿನಲ್ಲಿ ಒಂದೊಂದೇ ನಿಲ್ದಾಣ ಎಣಿಸುತ್ತಿದ್ದಳು. ಹನ್ನೊಂದು ವರ್ಷ! ಸೋಫಿಯಾ ನಗುತ್ತಾ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ಅದು ಕಪ್ಪಾಗಿತ್ತು. ಎದುರಿಗೂ ಕಪ್ಪು, ಬೆನ್ನಿಗೂ ಕಪ್ಪು. ದಪ್ಪ ರಟ್ಟಿನ ಮೇಲೆ ಕಪ್ಪು ಬಟ್ಟೆ ಅಂಟಿಸಿ ಕಟ್ಟಿದ್ದರು.

‘ದೋಣಿ?’ ಎಂದಳು ವಾರಿಜಾ.

‘ತುಂಬಾ ಓದಿದ ಪುಸ್ತಕದ ಹೊದಿಕೆ ಮೊದಲು ಹರಿಯುತ್ತದೆ ಅಮ್ಮ. ಬೈಂಡ್ ಮಾಡುವಾಗ ಅದನ್ನು ತೆಗೆದುಬಿಡುತ್ತಾರೆ’ ಎಂದು ಸೋಫಿಯಾ ತಗ್ಗಿದ ಧ್ವನಿಯಲ್ಲಿ ಹೇಳಿದಳು.

ವಾರಿಜಾ ಆ ಕಪ್ಪು ಬಟ್ಟೆಯ ಮೇಲೆ ಅಂಗೈ ಇಟ್ಟಳು, ಕೆಳಗೆ ಎಲ್ಲೋ ನೀರು ಇದೆಯೇನೋ ಎಂಬಂತೆ. ಆಮೇಲೆ ಮೂರು ಪುಸ್ತಕಗಳನ್ನೂ ಸಾಲಾಗಿ ತೆರೆದಿಟ್ಟರು. ಬಾಯಮ್ಮ ಹಳದಿಯದ್ದು, ಸೋಫಿಯಾ ಕಪ್ಪಿನದ್ದು, ವಾರಿಜಾ ತನ್ನ ಬಿಳಿಯದ್ದು ಹಿಡಿದು ಒಂದೊಂದೇ ಅಧ್ಯಾಯ ಹೋಲಿಸಿದರು. ಮಧ್ಯಾಹ್ನ ದಾಟಿತು. ಮಾತಿಗೆ ಮಾತು, ಸಾಲಿಗೆ ಸಾಲು ಅದೇ. ಕೊನೆಯಲ್ಲಿ ಅದೇ ಅಂಬಿಗ, ಅದೇ ‘ಇಲ್ಲ’.

‘ನಿನಗೆ ಓದಿ ಹೇಳಿದ್ದು ಯಾರು?’ ಬಾಯಮ್ಮ ಮೆಲ್ಲಗೆ ಕೇಳಿದರು.

‘ನನ್ನ ತಂಗಿ.’

ಹೊರಗೆ ಬಂದು ಬಸ್ಸಿಗೆ ನಿಂತಾಗ ಬಾಯಮ್ಮ ವಾರಿಜಾಳ ಕೈಯಿಂದ ಕೊಡೆ ಇಸಿದುಕೊಂಡು ಇಬ್ಬರಿಗೂ ತಾವೇ ಹಿಡಿದರು.

ಅದಾಗಿ ಎರಡು ವರ್ಷಕ್ಕೆ, ಮೇ ತಿಂಗಳ ರಜೆಯಲ್ಲಿ ಗುಣವತಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಳು. ಮೈ ತುಂಬಿಕೊಂಡಿದ್ದಳು. ಮಾತಿನ ನಡುವೆ ಹಿಂದಿ ಬರುತ್ತಿತ್ತು. ಬೆಳಿಗ್ಗೆ ಎದ್ದು ಚಹಾಕ್ಕೆ ಮೊದಲು ಗಡಿಯಾರ ನೋಡುವಳು. ವಾರಿಜಾ ಎಂಟು ದಿನ ಕಥೆಯ ವಿಷಯ ಕೇಳಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ, ಮಕ್ಕಳು ದೀಪಸ್ತಂಭದ ಬಂಡೆಯ ಕಡೆ ಆಡಲು ಹೋಗಿದ್ದಾಗ, ಬಿಳಿಯ ಪುಸ್ತಕವನ್ನು ತಂದು ತಂಗಿಯ ಮಡಿಲಲ್ಲಿ ಇಟ್ಟಳು.

‘ಯಾವುದು ಅಕ್ಕ ಇದು?’

‘ಕಡವಿನಾಚೆ. ನಾನು ಓದಿ ಮುಗಿಸಿದೆ.’

‘ನೀನಾ!’ ಗುಣವತಿ ಬೆರಗಾಗಿ ಅಕ್ಕನನ್ನು ನೋಡಿದಳು. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದಳು. ‘ನಾವು ಓದಿದ್ದೆವಾ ಇದನ್ನು? ನನಗೆ ನೆನಪೇ ಇಲ್ಲ.’

ವಾರಿಜಾ ಹೊದಿಕೆಯ ಮೇಲೆ ಬೆರಳಿಟ್ಟಳು. ‘ಆಗ ಅದರ ಮೇಲೆ ಬೇರೆ ಚಿತ್ರ ಇತ್ತು. ನೀಲಿ ಹೊಳೆ. ಕೆಂಪು ಸೀರೆಯವಳು…’

‘ಹಾಂ, ದೋಣಿಯದ್ದು!’ ಗುಣವತಿಯ ಮುಖ ಒಮ್ಮೆಲೇ ಹದಿನೆಂಟರದ್ದಾಯಿತು. ‘ದೋಣಿಯಲ್ಲಿ ನೀನಿದ್ದೆಯಲ್ಲ!’

ಹೇಳಿಬಿಟ್ಟ ಮೇಲೆ ಅವಳಿಗೇ ಅದು ವಿಚಿತ್ರವಾಗಿ ಕೇಳಿಸಿತು. ಪುಸ್ತಕದ ಅಂಚನ್ನು ಸವರಿದಳು.

‘ಇದರಲ್ಲಿ ಅಕ್ಕ ಇಲ್ಲ’ ಎಂದಳು ವಾರಿಜಾ. ‘ಮೂರರಲ್ಲೂ ಹುಡುಕಿದೆ.’

‘ಇರಲಿಲ್ಲ ಅಕ್ಕ. ಆ ಹುಡುಗಿಗೆ ಯಾರೂ ಇಲ್ಲ ಅಂತ ಬರೆದಿತ್ತು. ನಿನ್ನೆದುರು ಅದನ್ನು ಓದಲಿಕ್ಕೆ ನನಗೆ ಮನಸ್ಸಾಗಲಿಲ್ಲ. ದೊಡ್ಡ ದೊಡ್ಡ ಕನ್ನಡ ಶಬ್ದ ಬೇರೆ, ಅರ್ಧ ತಿಳಿಯುತ್ತಿರಲಿಲ್ಲ. ಸಿಕ್ಕಿಹಾಕಿಕೊಂಡಾಗ ಪುಸ್ತಕ ಮುಚ್ಚಿ ಮೇಲಿನ ಚಿತ್ರ ನೋಡುತ್ತಿದ್ದೆ. ಬಾಯಿಗೆ ಬಂದದ್ದು ಹೇಳುತ್ತಿದ್ದೆ.’

‘ಕೊನೆಗೆ ಅಕ್ಕ ಆಚೆ ದಡ ಮುಟ್ಟುತ್ತಾಳಾ?’

ಉತ್ತರ ಕೊಡಬೇಕೆಂದು ಗುಣವತಿಗೆ ನಿಜವಾಗಿಯೂ ಆಸೆಯಿತ್ತು. ‘ಅಷ್ಟು ಮುಂದಿನದ್ದು ನಾನು ಕಟ್ಟಿರಲೇ ಇಲ್ಲ ಅಕ್ಕ. ಅಷ್ಟರಲ್ಲಿ ಮದುವೆ ಆಯ್ತಲ್ಲ.’

ಆಗ ಸಣ್ಣ ಮಗು ಬಂಡೆಯ ಮೇಲೆ ಜಾರಿ ಮಂಡಿ ತರಚಿಕೊಂಡು ಅಳುತ್ತ ಓಡಿಬಂತು. ಗುಣವತಿ ಎದ್ದು ಒಳಗೆ ಹೋದಳು.

ಹೊರಡುವ ದಿನ ಹೆದ್ದಾರಿಯ ಬದಿಯಲ್ಲಿ ಪೆಟ್ಟಿಗೆ, ಒಣಮೀನಿನ ಕಟ್ಟು, ಮಕ್ಕಳು ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಇಬ್ಬರೂ ಬಸ್ಸಿಗೆ ಕಾದರು. ಪಡುಬಿದ್ರಿಯ ಕಡೆಯಿಂದ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ದೂರದಲ್ಲಿ ಒಂದು ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಾಗ ವಾರಿಜಾ ಅದರ ಹಣೆಯ ಮೇಲಿನ ಬೋರ್ಡನ್ನು ಕೂಡಿಸಿ ಓದಿದಳು. ಮಗುವಿನ ಬಟ್ಟೆ ಸರಿಮಾಡುತ್ತಿದ್ದ ಗುಣವತಿ ಇನ್ನೂ ನೋಡಿರಲಿಲ್ಲ. ಸುಮ್ಮನಿದ್ದರೆ ಬಸ್ಸು ದಾಟಿ ಹೋಗುತ್ತಿತ್ತು. ನಾಳೆಯವರೆಗೆ ಬೊಂಬಾಯಿಗೆ ಬೇರೆ ಬಸ್ಸು ಇರಲಿಲ್ಲ.

‘ಗುಣ, ಬೊಂಬಾಯಿಯ ಬಸ್ಸು ಬಂತು. ಕೈ ತೋರಿಸು’ ಎಂದಳು ವಾರಿಜಾ.

ಕಿಟಕಿಯಿಂದ ಗುಣವತಿ, ‘ಇನ್ನು ಕಾಗದ ನೀನೇ ಬರೆಯಬೇಕು ಅಕ್ಕ, ಪೋಸ್ಟಿನವನಿಂದ ಬರೆಸಬೇಡ’ ಎಂದು ಕೂಗಿದಳು. ವಾರಿಜಾ ತಲೆಯಾಡಿಸಿದಳು. ಬಸ್ಸು ಉದ್ಯಾವರದ ಕಡೆಗೆ ಹೊರಟಿತು. ಅದರ ಬೆನ್ನ ಮೇಲೂ ದೊಡ್ಡ ಅಕ್ಷರಗಳಲ್ಲಿ ಏನೋ ಬರೆದಿತ್ತು. ಅವಳು ಒಂದೊಂದೇ ಅಕ್ಷರ ಕೂಡಿಸತೊಡಗಿದಳು. ಎ, ಲ್ಲ, ರೂ... ಅಷ್ಟರಲ್ಲಿ ದೂಳು ಎದ್ದು ಬಸ್ಸು ಮುಂದೆ ಹೋಗಿತ್ತು.